ಒಳಪದರ

ಗೋಡೆಯಾಚೆಯಿಂದ ಸಣ್ಣದೊಂದು ಸೀಟಿ. ಊರೆಲ್ಲ ಮಲಗಿದ ಹೊತ್ತಿನಲ್ಲಿ ಅತ್ತೆಯ ಎದೆ ಕೂಗುತ್ತಿತ್ತು. ಸೊಸೆ ಎದ್ದುಹೋಗಿ ಅವರ ಬೆನ್ನಿಗೆ ದಿಂಬು ಕೊಟ್ಟು, ಬಾಯಿಗೆ ಉಬ್ಬಸದ ಮದ್ದಿನ ಪಂಪು ಹಿಡಿದಳು.

"ಮಲಗು ಹೋಗೇ. ನನ್ನ ಸಂಗೀತಕ್ಕೆ ಟಿಕೆಟ್ ಇಟ್ಟಿಲ್ಲ," ಎಂದರು ಅತ್ತೆ, ಏದುಸಿರಿನಲ್ಲೇ.

ಅವಳಿಗೆ ನಗು ಬರಲಿಲ್ಲ. ಉಬ್ಬಸ ಇಳಿಯದಿದ್ದರೆ ಅಮ್ಮನನ್ನು ಒಣಹವೆಯ ಊರಿನಲ್ಲಿರುವ ಅಕ್ಕನ ಮನೆಗೆ ಬಿಟ್ಟುಬರುತ್ತೇನೆಂದು ಗಂಡ ಹೇಳಿಯಾಗಿತ್ತು. ತಾಯಿಯಿಲ್ಲದೆ ಬೆಳೆದವಳಿಗೆ ಈ ಮನೆಯಲ್ಲಿ ಸಿಕ್ಕ ತಾಯಿ ಅವರು. ಧೂಳೇ ಶತ್ರುವೆಂದು ಅವಳು ಪ್ರತಿ ಸಂಜೆ ಅತ್ತೆಯ ಕೋಣೆಗೆ ಬ್ಲೀಚ್ ಹಾಕಿ ಒರೆಸುತ್ತಿದ್ದಳು. ಉಬ್ಬಸ ಏರಿದಷ್ಟೂ ಬ್ಲೀಚೂ ಏರಿತು.

ಅವಳು ದುಡಿಯುತ್ತಿದ್ದ ಕಾಲೇಜಿನ ಪ್ರಯೋಗಾಲಯದಲ್ಲೂ ಅವಳದು ಅದೇ ಉಜ್ಜುವ ಕೈ. ಕುರಿಯ ಶ್ವಾಸನಾಳವನ್ನು ಬಳೆಬಳೆಯಾಗಿ ಕತ್ತರಿಸಿ, ಬೆಚ್ಚನೆಯ ಉಪ್ಪುನೀರಿನಲ್ಲಿ ದಾರಕ್ಕೆ ತೂಗುಬಿಟ್ಟು, ಮದ್ದಿನ ಹನಿಗೆ ಅದರ ಸ್ನಾಯು ಎಷ್ಟು ಬಿಗಿಯುತ್ತದೆಂದು ಅಳೆಯುವುದು ಕೆಲಸ. ಮರುದಿನ ಎಲ್ಲರ ಬಳೆಗಳೂ ಮೆಲ್ಲಗೆ ಬಿಗಿದರೆ, ಅವಳವು ಮಾತ್ರ ಮುಷ್ಟಿ ಹಿಡಿದುಬಿಟ್ಟವು.

"ಒಳಗೆ ಏನು ಮಾಡಿದ್ರಿ?" ಪ್ರೊಫೆಸರಮ್ಮ ಕೇಳಿದರು.

"ಲೋಳೆ ಇತ್ತು ಮೇಡಂ. ಹತ್ತಿಯಲ್ಲಿ ಉಜ್ಜಿ ತೆಗೆದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಜೊತೆಗೆ ಒಳಪದರದ ಜೀವಕೋಶಗಳೂ ಹೋದ್ವಲ್ಲ. ಸ್ನಾಯುಗೆ 'ಸಾಕು, ಸಡಿಲ ಬಿಡು' ಅಂತ ಹೇಳೋವು ಅವೇ. ಹೇಳೋರು ಕೇಳೋರು ಇಲ್ಲ ಅಂದ್ರೆ ಅದು ಬಿಗೀದೆ ಏನ್ಮಾಡುತ್ತೆ?"

"ಮನುಷ್ಯರಲ್ಲೂ ಹೀಗೇನಾ?"

"ಹೂಂ. ಅಲ್ಲಿ ಹತ್ತಿ ಬೇಕಿಲ್ಲ. ಹೊಗೆ, ಘಾಟು ಸಾಕು."

ಪ್ರತಿ ಸಂಜೆಯ ಬ್ಲೀಚಿನ ಘಾಟು ಅವಳ ಮೂಗಿಗೆ ಬಡಿದಂತಾಯಿತು.

ಮನೆಗೆ ಬಂದವಳೇ ಬ್ಲೀಚನ್ನು ಆಚೆ ಹಾಕಿ, ಕಿಟಕಿಗಳನ್ನು ತೆರೆದು, ಬರೀ ನೀರಿನಲ್ಲಿ ನೆಲ ಒರೆಸಿದಳು. ಪಂಪು ಅದೇ, ಹವೆಯೂ ಅದೇ. ವಾರಗಳು ಕಳೆದಂತೆ ಉಬ್ಬಸ ಇಳಿಯಿತು. ಅತ್ತೆ ತಾವೇ ಮೆಟ್ಟಿಲು ಹತ್ತಿ ತಾರಸಿಯಲ್ಲಿ ಬಟ್ಟೆ ಒಣಹಾಕತೊಡಗಿದರು.

"ಏನಮ್ಮ ಇದು, ಪವಾಡ?" ಮಗ ಕೇಳಿದ.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, "ಔಷಧಿ ಈಗ ಹಿಡೀತು ಕಣೋ. ನಾನೆಲ್ಲೂ ಬರಲ್ಲ ಅಂತ ನಿನ್ನಕ್ಕಂಗೆ ಹೇಳು."

ಅವನು ಆಚೆ ಹೋದ ಮೇಲೆ ಅವಳು ಕೇಳಿದಳು, "ಅತ್ತೆ, ನಿಮಗೆ ಗೊತ್ತಿತ್ತಾ?"

"ಆ ಘಾಟಿಗೆ ಎದೆ ಹಿಡೀತಿತ್ತು, ಗೊತ್ತಾಗದೆ ಇರುತ್ತಾ? ನೀನು ದುಡಿದು ಬಂದು ಮಂಡಿಯೂರಿ ಒರೆಸ್ತಿದ್ದೆ. ಯಾವ ಬಾಯಲ್ಲಿ ಬೇಡ ಅನ್ನಲಿ? ನಿನ್ನ ಮನಸ್ಸು ನೋಯೋದಕ್ಕಿಂತ ಮಗಳ ಮನೆಗೆ ಹೋಗೋದೇ ವಾಸಿ ಅಂದ್ಕೊಂಡಿದ್ದೆ."

ಅವಳು ಬಟ್ಟೆ ಹಿಂಡಿ ಒದ್ದೆಯಾದ ಅತ್ತೆಯ ಕೈಯನ್ನು ಹಿಡಿದುಕೊಂಡೇ ಕೂತಳು. ಗಂಡನ ಮುಂದೆ ತಪ್ಪೊಪ್ಪಿಕೊಂಡು ಹಗುರಾಗಬಹುದಿತ್ತು. ಆದರೆ ಅತ್ತೆ ಉಸಿರು ಬಿಗಿಹಿಡಿದು ಕಾಪಾಡಿಕೊಟ್ಟ ಗುಟ್ಟನ್ನು ಮಾತಿನಲ್ಲಿ ಚೆಲ್ಲಲು ಮನಸ್ಸಾಗಲಿಲ್ಲ. ಯಾರಿಗೂ ಹೇಳುವುದು ಬೇಡವೆಂದುಕೊಂಡಳು.