ಕಳ್ಳಹೊಟ್ಟೆಯ ಕುಡಿಕೆ

ಅಥೆನ್ಸಿನ ನಮ್ಮ ಕುಂಬಾರಗೇರಿಗೆ ಬಿಳಿ ಎಣ್ಣೆಕುಡಿಕೆ ಕೇಳಿಕೊಂಡು ಬರುವವರು ಸೂತಕಕ್ಕೆ ಕೂದಲು ಕತ್ತರಿಸಿಕೊಂಡಿರುತ್ತಾರೆ. ಅದು ಗೋರಿಯ ಮುಂದಿಡುವ ಕುಡಿಕೆ; ಬದುಕಿರುವವರ ಮನೆಯಲ್ಲಿ ಅದಕ್ಕೇನು ಕೆಲಸ? ಲೈಸಿಲ್ಲಾ ಬಂದಾಗ ಅವಳ ನರೆಗೂದಲು ಅಚ್ಚುಕಟ್ಟಾಗಿ ಹೆಣೆದಿತ್ತು.

"ಕಳ್ಳಹೊಟ್ಟೆಯದ್ದು ಮಾಡಿಕೊಡಮ್ಮ," ಎಂದಳು.

ಹೊರಗಿನಿಂದ ಮೊಳದುದ್ದದ ಕುಡಿಕೆ, ಒಳಗೆ ಕುತ್ತಿಗೆಗೆ ಅಂಟಿಸಿದ ಪುಟ್ಟ ಬಟ್ಟಲು. ಎರಡು ಚಮಚ ಎಣ್ಣೆ ಹುಯ್ದರೆ ತುಂಬಿ ತುಳುಕುತ್ತದೆ. ಊರವರ ಕಣ್ಣಿಗೆ ಜಂಬ, ಸತ್ತವರಿಗೆ ಟೋಪಿ.

ನನ್ನ ಗಂಡ ಕುಡಿಕೆ ಮಾಡುತ್ತಾನೆ, ಚಿತ್ರ ನನ್ನದು. "ಏನು ಬರೀಲಿ ತಾಯಿ?"

"ಕುರ್ಚಿ ಮೇಲೆ ಕೂತ ಹುಡುಗಿ. ಎದುರಿಗೆ ಆಳು ಹೆಂಗಸಿನ ಕೈಲಿ ಕೂಸು. ಹುಡುಗಿ ಕೂಸಿನ ಕಡೆ ನೋಡ್ತಿರಬಾರದು."

ಹೆರಿಗೆಯಲ್ಲಿ ಸತ್ತವರನ್ನು ನಾವು ಬರೆಯುವುದೇ ಹಾಗೆ. "ಅಯ್ಯೋ, ಯಾರು?"

"ನನ್ನ ಸೊಸೆ, ಮಿರ್ಟಿಯಾ."

ಮದುವೆಯ ಸ್ನಾನದ ನೀರಿಗೆ ಕೊಡ ಒಯ್ಯಲು ಬಂದು, ಅದರ ಮೇಲೆ ನಾನು ಬರೆದ ಮದುಮಗನ ಮೂಗು ಸೊಟ್ಟ ಎಂದು ನಕ್ಕಿದ್ದ ಹುಡುಗಿ! "ಯಾವಾಗ ಹೋದ್ಲು?"

"ಇನ್ನೂ ಇಲ್ಲ. ತಿಂಗಳೊಳಗೆ ನೋವು ಬರುತ್ತೆ. ಸಣ್ಣ ಸೊಂಟ, ಉಳಿಯಲ್ಲ ಬಿಡು. ಅವಸರದಲ್ಲಿ ಒಳ್ಳೇ ಕುಡಿಕೆ ಸಿಗಲ್ಲ ನೋಡು."

"ಸೂಲಗಿತ್ತಿಗೆ ಹೇಳಿದೀರಾ?"

"ಅವಳ್ಯಾಕೆ? ನಾನು ಹೆತ್ತಾಗ ಯಾರು ಬಂದಿದ್ರು?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ. ಗೋರಿಯ ಕುಡಿಕೆ ಮಾಡಿಸುವವಳನ್ನು ಕಂಡದ್ದು ಅಂದೇ. ಬೇಡವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾಳೆಂದು ಬರೆದುಕೊಟ್ಟೆ. ಆದರೆ ಕುಡಿಕೆ ಅತ್ತ ಹೋಗುತ್ತಲೇ ನಮ್ಮ ಗೇರಿಯ ಸೂಲಗಿತ್ತಿಯನ್ನು ಅವರ ಮನೆಗೆ ಅಟ್ಟಿದೆ. "ಆ ಮುದುಕಿ ಬೈದ್ರೂ ಬಾಗಿಲು ಬಿಟ್ಟು ಕದಲಬೇಡ," ಎಂದೆ.

ಕೂಸು ಕಾಲು ಮುಂದಾಗಿ ಬಂತಂತೆ. ತಾಯಿ ಮಗು ಇಬ್ಬರೂ ಉಳಿದರು. ಅಂದು ಖುಷಿಗೆ ನನಗೆ ಊಟವೇ ಸೇರಲಿಲ್ಲ.

ಆಲಿವ್ ಕೊಯ್ಲು ಶುರುವಾದಾಗ ಮಿರ್ಟಿಯಾ ನಮ್ಮಲ್ಲಿಗೆ ಬಂದಳು. ಹಿಂದೆ ಕೂಸನ್ನೆತ್ತಿಕೊಂಡ ಆಳು ಹೆಂಗಸು. ಮಿರ್ಟಿಯಾ ಸೆರಗಿನೊಳಗಿಂದ ಅದೇ ಕುಡಿಕೆ ತೆಗೆದು ಮುಂದಿಟ್ಟಳು.

"ನೋವು ತಿನ್ನೋವಾಗ ಇದು ಎದುರಿನ ಗೂಡಲ್ಲೇ ಇತ್ತು ಅಕ್ಕಾ."

"ಒಡೆದು ಬಿಸಾಕಬಾರದೇನೇ?"

"ಅತ್ತೆ ಬಿಡ್ಲಿಲ್ಲ. ಇರಲಿ, ಮುಂದಿನ ಹೆರಿಗೆಗೆ ಬರುತ್ತೆ ಅಂದ್ರು." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಎಣ್ಣೆ ಹುಯ್ದು ನೋಡ್ದೆ. ಎರಡೇ ಚಮಚಕ್ಕೆ ತುಂಬೋಯ್ತು. ಸತ್ತ ಮೇಲೂ ನಂಗಿಷ್ಟೇನಾ?"

ನಾನು ನಾಚಿ ಕುಂಚ ತೊಳೆಯತೊಡಗಿದೆ.

"ಚಿತ್ರದ ಈ ಹುಡುಗಿ ಕೂದಲು ಬೆಳ್ಳಗೆ ಮಾಡಿಕೊಡಿ," ಎಂದಳು. "ಕೂಸು ಹಾಗೇ ಇರಲಿ. ಅಜ್ಜಿಗೆ ಮೊಮ್ಮಗ ಅಂದ್ರೆ ಪ್ರಾಣ."

"ನಿಮ್ಮತ್ತೆ ಹೋದ್ರಾ?"

"ಇನ್ನೂ ಇಲ್ಲ." ಕುಡಿಕೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ಈಗ ಅವರ ಗಂಜಿ ಕಾಯಿಸೋದು ನಾನೇ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನೂ ಎಷ್ಟೋ ಸಲ ನಗುತ್ತ ಹೇಳಿದವಳೇ. ಅಂದು ಮಾತ್ರ ನಗು ಬರಲಿಲ್ಲ. ಸೂಲಗಿತ್ತಿಯನ್ನು ಅಟ್ಟಿ ನಾನು ಉಳಿಸಿಕೊಂಡದ್ದು ಇವಳನ್ನೇ.

"ಬಿಳಿ ಬಣ್ಣ ಮುಗಿದಿದೆ ಕಣೇ," ಎಂದು ಸುಳ್ಳು ಹೇಳಿದೆ.

"ಅರೆದುಕೊಳ್ಳಿ ಅಕ್ಕಾ. ಕಾಯ್ತೀನಿ."

ಕುರ್ಚಿ ಎಳೆದುಕೊಂಡು ಕೂತಳು. ಎದುರಿಗೆ ಆಳು ಹೆಂಗಸಿನ ಕೈಯಲ್ಲಿ ಕೂಸು ಅಳತೊಡಗಿತು. ಅವಳು ಅದರ ಕಡೆ ನೋಡಲಿಲ್ಲ.