ನಾಲ್ಕನೆಯದಕ್ಕೆ ಒಂದು ಹೆಜ್ಜೆ

ಲೂರ್ದ್ ಆಂಟಿಯ ನಡಿಗೆಯನ್ನು ಒಮ್ಮೆ ಕಂಡವರು ಮರೆಯಲಾರರು. ಸವೆದ ಎಡ ಮೊಣಕಾಲಿನಿಂದಾಗಿ ಅವರ ಸ್ಥೂಲಕಾಯ ಹೆಜ್ಜೆಗೊಮ್ಮೆ ಪಕ್ಕಕ್ಕೆ ವಾಲಿ, ಮರುಹೆಜ್ಜೆಗೆ ನೆಟ್ಟಗಾಗಿ, ದುಬೈಯ ದೇರಾದ ಹಿನ್ನೀರ ಕ್ರೀಕಿನಲ್ಲಿ ಕಟ್ಟಿಹಾಕಿದ ಮರದ ಹಡಗಿನಂತೆ ತೂಗುತ್ತಿತ್ತು. ಆದರೆ ಆ ತೂಗಾಟದಲ್ಲಿದ್ದ ವೇಗ ಎಂಥದೆಂದರೆ, ಅಲ್ ಕುಸೈಸಿನ ಮೆಟ್ರೊ ನಿಲ್ದಾಣದಿಂದ ಅವರೊಡನೆ ಹೊರಟ ಎಳೆಯ ನರ್ಸುಗಳು ಏದುಸಿರು ಬಿಡುತ್ತ ಕಟ್ಟಡದ ಬಾಗಿಲು ತಲುಪುವಷ್ಟರಲ್ಲಿ ಆಂಟಿಯ ಅಡುಗೆಮನೆಯಲ್ಲಿ ಚಹಾದ ನೀರು ಕುದಿಯುತ್ತಿರುತ್ತಿತ್ತು. ಈ ವರ್ಷದ ಆಟದ ಋತು ಮುಗಿದ ಮೇಲೆ ಇನ್ನು ಓಡಕೂಡದೆಂದು ಅವರು ನರ್ಸಾಗಿರುವ ಆಸ್ಪತ್ರೆಯ ಮೂಳೆ ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದಾಗ, "ನಡೀಬಹುದಲ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ನಡೆದುಬಂದ ಜೀವ ಅದು.

ಮೈಮೇಲೆ ಸದಾ ಕಡುನೀಲಿಯ ಒಂದು ನೈಲಾನ್ ಜಾಕೆಟ್. ಹೊರಗೆ ರಸ್ತೆಯ ಟಾರು ಮೆತ್ತಗಾಗುವ ಜುಲೈ ತಿಂಗಳಲ್ಲಿಯೂ ಅದನ್ನು ಕಳಚಿದವರಲ್ಲ. ಮಕ್ಕಳ ವಾರ್ಡಿನ ಎಸಿಯಲ್ಲಿ ಮೂವತ್ತು ವರ್ಷ ಮರಗಟ್ಟಿದ ಭುಜಗಳಿಗೆ ಈಗ ಬಿಸಿಲೂ ಚಳಿಯೆನಿಸುತ್ತದೆಂಬುದು ಅವರ ವಾದ. ಅದರ ಜೇಬುಗಳಲ್ಲಿ ಪೆಪ್ಪರಮಿಂಟು, ಸೇಫ್ಟಿಪಿನ್ನು, ಯಾವುದೋ ಮಗುವಿನ ಒಂಟಿ ಕಾಲುಚೀಲ, ಜಪಸರ. ಬಗಲಲ್ಲಿ, ಹಳೆಯ ದಿಂಬಿನ ಚೀಲದಲ್ಲಿ ಸುತ್ತಿದ ಒಂದು ಬ್ಯಾಟು. ಶುಕ್ರವಾರ ಚರ್ಚಿನ ಬಲಿಪೂಜೆಗೂ ಅದರೊಡನೆಯೇ ಹೋಗಿ, ಬೆಂಚಿನ ಕೆಳಗೆ ಮಲಗಿಸಿ, ಪೂಜೆ ಮುಗಿದೊಡನೆ ಮೈದಾನಕ್ಕೆ ಹೊರಡುವುದು ವಾಡಿಕೆ. ಒಮ್ಮೆ ಬಾಗಿಲಲ್ಲಿ ಯಾರೋ ತಡೆದು, ಇದೇನು ಎಂದು ಕೇಳಿದರಂತೆ. "ಪ್ರಾರ್ಥನೆ ಫಲಿಸದಿದ್ರೆ ಬೇಕಾಗ್ತದೆ," ಎಂದರಂತೆ ಆಂಟಿ.

ಪಕ್ಕದ ಮನೆಯ ದೀಪ್ತಿಗೆ ಅವರ ಪರಿಚಯವಾದದ್ದು ಗೋಡೆಯ ಮೂಲಕ. ಮಂಗಳೂರು ಪೇಟೆಯಲ್ಲಿ ಇಂಗ್ಲಿಷ್ ಶಾಲೆ ಕಲಿತು, ಮದುವೆಯಾಗಿ ಸುಶಾಂತನೊಡನೆ ದುಬೈಗೆ ಬಂದು, ಚೊಚ್ಚಲ ಮಗ ಧನ್ವಿತ್ ಹುಟ್ಟಿದಂದಿನಿಂದ ನೆಮ್ಮದಿಯಾಗಿ ಉಸಿರೆಳೆಯುವುದನ್ನೇ ಮರೆತಿದ್ದ ಹುಡುಗಿ ಅವಳು. ಮಗು ಅತ್ತರೆ ಯಾಕೆ ಅಳುತ್ತಿದೆ ಎಂಬ ಭಯ, ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂಬ ಭಯ. ಒಂದು ಚಮಚ ರಾಗಿಗಂಜಿ ಕೊಡುವ ಮುಂಚೆ ಫೋನಿನಲ್ಲಿ ಅಮೆರಿಕದ ತಾಯಂದಿರ ಅಭಿಪ್ರಾಯಗಳನ್ನೆಲ್ಲ ಓದಿ, ಅವು ಒಂದಕ್ಕೊಂದು ತಾಳೆಯಾಗದೆ, ಕೊನೆಗೆ ಗಂಜಿ ಆರಿಹೋಗುತ್ತಿತ್ತು. ಅಂಥ ಒಂದು ಸಂಜೆ, ಮಗು ಬಿಕ್ಕಿಬಿಕ್ಕಿ ಅಳುತ್ತಿದ್ದಾಗ ಬಾಗಿಲ ಬೆಲ್ಲು ಬಡಿದುಕೊಂಡಿತು. ನೀಲಿ ಜಾಕೆಟ್ಟಿನ ಹೆಂಗಸು ಒಳಗೂ ಬಾರದೆ ಹೇಳಿದರು: "ಕಿವಿನೋವು ಅದು. ಬಲದ ಕಿವಿ. ಕ್ಲಿನಿಕ್ಕಿಗೆ ಕರ್ಕೊಂಡು ಹೋಗು. ಫೋನ್ ನೋಡ್ಕೊಂಡು ಕೂತ್ಕೊಳ್ಬೇಡ ಮಾರಾಯ್ತಿ."

ಕಿವಿನೋವೇ ಆಗಿತ್ತು. ಆದರೆ ಎಡದ ಕಿವಿ. ಮರುದಿನ ಸುಶಾಂತ್ ತಮಾಷೆಗೆ, "ಬಲದ್ದು ಅಂತ ಗೋಡೆಯಾಚೆಯಿಂದ ಹೇಗೆ ಗೊತ್ತಾಯ್ತು ಆಂಟಿ?" ಎಂದು ಕೆಣಕಿದರೆ, "ಇರುವುದೇ ಎರಡು ಕಿವಿ. ಒಂದು ಹೇಳಿ ನೋಡಿದೆ," ಎಂದು ನಕ್ಕುಬಿಟ್ಟರು. ಆ ನಗುವಿಗೆ ದೀಪ್ತಿ ಮರುಳಾದಳು. ತಪ್ಪಿದ್ದನ್ನು ಇಷ್ಟು ಹಗುರವಾಗಿ ಹೊರಬಲ್ಲ ಮನುಷ್ಯರನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಆಂಟಿ ಹಗುರವಾಗಿ ಹೊರಲಾರದ ಸಂಗತಿ ಒಂದೇ ಒಂದಿತ್ತು. ತಮ್ಮೂರು ಶಿರ್ವದಿಂದ ಹರೆಯದಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಹಾಸ್ಟೆಲಿನಲ್ಲಿ ಜೊತೆಯಾದವರು ಫಿಲಿಪಿನೊ ನರ್ಸುಗಳು. ಅವರಿಂದ ಅಂಟಿಕೊಂಡದ್ದು ಸಾಫ್ಟ್‌ಬಾಲ್, ಅಂದರೆ ಬೇಸ್‌ಬಾಲಿನ ತಂಗಿಯಂಥ ಆಟ. ಬಾವಿಯ ನೀರು ಸೇದಿ ಬೆಳೆದ ಭುಜಗಳಿಗೆ ಚೆಂಡನ್ನು ಬೇಲಿಯಾಚೆಗೆ ಹೊಡೆಯುವುದು, ಅಂದರೆ ಹೋಮ್ ರನ್, ಬೇಗನೆ ಕರಗತವಾಯಿತು. ಆದರೆ ಒಂದೇ ಆಟದಲ್ಲಿ ನಾಲ್ಕು ಹೋಮ್ ರನ್ ಹೊಡೆಯಬೇಕೆಂಬ ಹಂಬಲ ಮಾತ್ರ ಕೈಗೂಡಿರಲಿಲ್ಲ. ಅಮೆರಿಕದ ದೊಡ್ಡ ಲೀಗಿನ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಲ್ಲಿ ಇಪ್ಪತ್ತರಷ್ಟು ಮಂದಿಗೆ ಮಾತ್ರ ದಕ್ಕಿದ ಸಾಧನೆ ಅದು; ಎಸೆತಗಾರನೊಬ್ಬ ಎದುರಾಳಿಗಳಲ್ಲಿ ಒಬ್ಬನನ್ನೂ ಮೊದಲ ಬೇಸಿಗೆ, ಅಂದರೆ ಓಟದ ಮೊದಲ ತಾಣಕ್ಕೆ, ಬಿಡದೆ ಇಡೀ ಆಟ ಮುಗಿಸುವುದಕ್ಕಿಂತಲೂ ವಿರಳವಾದದ್ದು. ಆಂಟಿ ಮೂರರವರೆಗೆ ಹಲವು ಸಲ ಹೋಗಿದ್ದರು. "ಮೂರು ಹೊಡೆದವಳಿಗೆ ನಾಲ್ಕನೇ ಸಲ ಯಾರು ಒಳ್ಳೆ ಬಾಲ್ ಹಾಕ್ತಾರೆ? ಬೇಕಂತಲೇ ದೂರ ಹಾಕ್ತಾರೆ, ಕಳ್ಳಿಯರು," ಎನ್ನುವಾಗ ಅವರ ದನಿಯಲ್ಲಿ ನಗುವಿರುತ್ತಿರಲಿಲ್ಲ.

ಡಾಕ್ಟರರು ಬಿಟ್ಟುಕೊಟ್ಟ ಋತುವಿನ ಕಟ್ಟಕಡೆಯ ಆಟ ಬಂದದ್ದು ಫೆಬ್ರವರಿಯ ಒಂದು ಶುಕ್ರವಾರ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮುಗಳ ಹಿಂದಿನ ಮರಳು ಮೈದಾನ. ಎದುರಾಳಿಗಳು ಅಲ್ಲಿಯದೇ ಪ್ಯಾಕಿಂಗ್ ಫ್ಯಾಕ್ಟರಿಯ ಫಿಲಿಪಿನೊ ಹುಡುಗಿಯರು. ಬೆಳಿಗ್ಗೆ ಆಂಟಿಯ ತಂಡದ ಒಬ್ಬಳಿಗೆ ಡ್ಯೂಟಿ ಬಿತ್ತು. ಜನ ಕಡಿಮೆಯಾದರೆ ಆಟವೇ ರದ್ದು. ಆಂಟಿ ನೇರವಾಗಿ ಪಕ್ಕದ ಮನೆಯ ಬೆಲ್ಲು ಒತ್ತಿದರು.

"ನನಗೆ ಏನೂ ಬರುದಿಲ್ಲ ಆಂಟಿ. ಮಗುವನ್ನು ಯಾರು ನೋಡ್ಕೊಳ್ಳುದು?"

"ಅದಕ್ಕೊಬ್ಬ ಅಪ್ಪ ಉಂಟಲ್ವಾ? ನೀನು ಬ್ಯಾಟ್ ಹಿಡ್ಕೊಂಡು ನಿಂತ್ರೆ ಸಾಕು. ಯಲ್ಲಾ, ಹೊರಡು."

ಅಪ್ಪ ನೋಡಿಕೊಳ್ಳುತ್ತಾನೆಂಬುದೇ ದೀಪ್ತಿಯ ದಿಗಿಲಿಗೆ ಕಾರಣವೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೋದಳು. ತಳ್ಳುಗಾಡಿಯಲ್ಲಿ ಮಗು, ಕೊಡೆ, ಎರಡು ಚೀಲ ಸಾಮಾನು; ಗಾಡಿಯ ಹಿಡಿಯಲ್ಲಿ ಸುಶಾಂತ್.

ಆ ದಿನ ಆಂಟಿಯ ತೋಳಿಗೆ ಏನು ಬಂದಿತ್ತೋ. ಮೊದಲನೆಯದು ಬೇಲಿ ದಾಟಿತು; ಎರಡನೆಯದು ಗೋದಾಮಿನ ತಗಡಿನ ಗೋಡೆಗೆ ಬಡಿದು ಗಂಟೆಯಂತೆ ಮೊಳಗಿತು; ಮೂರನೆಯದನ್ನು ಹುಡುಕಲು ಹೋದವರು ಬರಿಗೈಯಲ್ಲಿ ಬಂದರು. ಆದರೂ ಎದುರಾಳಿಗಳು ಬಹಳ ಮುಂದಿದ್ದರು, ಸೋಲು ಖಚಿತವಾಗಿತ್ತು. ಮೂವರು ಔಟಾದರೆ ಮುಗಿಯುವ ಕೊನೆಯ ಸರದಿಯಲ್ಲಿ ಇಬ್ಬರು ಔಟಾದ ಮೇಲೆ ದೀಪ್ತಿಯ ಪಾಳಿ. ಅವಳು ಹೆದರಿ ಬ್ಯಾಟನ್ನೇ ಎತ್ತಲಿಲ್ಲ. ಎಸೆತಗಾರ್ತಿಯ ಕೈಸೋತು ಚೆಂಡುಗಳೆಲ್ಲ ದೂರ ಬಿದ್ದು, ನಿಯಮದಂತೆ ದೀಪ್ತಿಗೆ ಮೊದಲ ಬೇಸು ಪುಕ್ಕಟೆಯಾಗಿ ಸಿಕ್ಕಿತು. ಮುಂದಿನ ಪಾಳಿ ಆಂಟಿಯದು. ಗೆಲುವು ಹೇಗೂ ತಮ್ಮದೇ ಎಂಬ ಧೈರ್ಯದಿಂದ ಎಸೆತಗಾರ್ತಿ ಈ ಸಲ ನೇರವಾಗಿಯೇ ಎಸೆದಳು.

ಸದ್ದು ಕೇಳಿದೊಡನೆ ಯಾರೂ ಚೆಂಡಿನ ಹಿಂದೆ ಓಡಲಿಲ್ಲ. ಅದು ಬೇಲಿಯ ಮೇಲಿಂದ, ಆಚೆ ನಿಂತಿದ್ದ ಲಾರಿಗಳ ಮೇಲಿಂದ ಹೋಯಿತು.

ದೀಪ್ತಿ ಮೊದಲ ಬೇಸಿನಲ್ಲಿ ನಿಂತಲ್ಲಿಯೇ ಕುಪ್ಪಳಿಸಿ ಚಪ್ಪಾಳೆ ತಟ್ಟಿದಳು. ಕ್ರಿಕೆಟ್ಟಿನ ನಾಡಿನಲ್ಲಿ ಬೆಳೆದವಳು. ಚೆಂಡು ಗಡಿ ದಾಟಿದ ಮೇಲೆ ಓಡುವುದೆಂಬುದು ಅವಳ ಕಲ್ಪನೆಗೇ ಬರಲಿಲ್ಲ. ವಾಲುತ್ತ ಓಡಿಬಂದ ಆಂಟಿ ಅವಳ ಬೆನ್ನಹಿಂದೆ ಬ್ರೇಕು ಹಾಕಿದಂತೆ ನಿಂತರು.

"ಓಡು ಮಾರಾಯ್ತಿ!"

"ಯಾಕೆ? ಸಿಕ್ಸರ್ ಹೋಯ್ತಲ್ಲ!"

"ಸಿಕ್ಸರೂ ಇಲ್ಲ, ಗಿಕ್ಸರೂ ಇಲ್ಲ. ಇಲ್ಲಿ ಆಚೆ ಹೋದ್ರೂ ಎಲ್ಲ ಬೇಸ್ ಮೆಟ್ಟಿ ಸುತ್ತು ಬರ್ಬೇಕು. ನೀನು ಮುಂದೆ, ನಾನು ಹಿಂದೆ. ನಾನು ನಿನ್ನನ್ನು ದಾಟಿದ್ರೆ ಔಟ್. ನೀನು ನಡುವೆ ಬಿಟ್ಟುಹೋದ್ರೂ ಔಟ್. ಯಾರು ಔಟಾದ್ರೂ ನನ್ನ ನಾಲ್ಕನೆಯದು ಖಲಾಸ್!"

ಸರಿಯಾಗಿ ಆ ಗಳಿಗೆಯಲ್ಲಿ ಗಾಡಿಯ ಕಡೆಯಿಂದ ಧನ್ವಿತನ ಆಕ್ರಂದನ ಕೇಳಿಬಂತು. ದೀಪ್ತಿಯ ಪಾದಗಳು ತಾವಾಗಿಯೇ ಆ ಕಡೆಗೆ ತಿರುಗಿದವು.

"ಸುಶಾಂತ್! ಎತ್ಕೊಳ್ಳಿ ಅವನನ್ನು!"

"ಎತ್ಕೊಂಡಿದ್ದಕ್ಕೇ ಅಳ್ತಾ ಇದ್ದಾನೆ!" ಸುಶಾಂತ್ ಅಲ್ಲಿಂದ ಕೂಗಿದ.

ಆಂಟಿ ಅವಳ ಹೆಗಲ ಮೇಲೆ ಕೈಯಿಟ್ಟು ಮೆಲ್ಲನೆ ಎರಡನೆಯ ಬೇಸಿನತ್ತ ತಿರುಗಿಸಿದರು. "ಅದು ಸಿಟ್ಟಿನ ಅಳು. ಕಣ್ಣೀರಿಲ್ಲ. ನಡಿ."

"ಇಲ್ಲಿಂದ ಕಣ್ಣೀರು ಕಾಣ್ತದಾ ನಿಮಗೆ?"

"ಕೇಳ್ತದೆ. ನಡಿ."

ಹೀಗೆ ಆ ಮೈದಾನ ಅದುವರೆಗೆ ಕಾಣದ ಒಂದು ಮೆರವಣಿಗೆ ಹೊರಟಿತು: ಮುಂದೆ ಹೆಜ್ಜೆಗೊಮ್ಮೆ ಗಾಡಿಯತ್ತ ಕತ್ತು ಹೊರಳಿಸುವ ಎಳೆಯ ತಾಯಿ, ಹಿಂದೆ ನೀಲಿ ಜಾಕೆಟ್ಟಿನಲ್ಲಿ ಬೆವರುತ್ತ ವಾಲುವ ಲೂರ್ದ್ ಆಂಟಿ. ಎರಡನೆಯ ಬೇಸಿನಲ್ಲಿದ್ದ ಎದುರಾಳಿ ಹುಡುಗಿ ನಗು ತಡೆಯಲಾರದೆ ಕೈಗವಸಿನಲ್ಲಿ ಮುಖ ಮುಚ್ಚಿಕೊಂಡಳು. "ಮೆಟ್ಟು ಅದನ್ನು. ಸರಿಯಾಗಿ ಮೆಟ್ಟು. ಈಗ ಕೇಳು, ಉಸಿರು ತೆಗೀಲಿಕ್ಕೆ ನಿಲ್ಲಿಸಿದ, ನೀನು ನೋಡ್ತೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ತಿದ್ದಾನೆ, ಪೋಕರಿ," ಎಂದು ಆಂಟಿ ಹಿಂದಿನಿಂದ ಹೇಳುತ್ತಲೇ ಇದ್ದರು. ಮೂರನೆಯ ಬೇಸು ಮೆಟ್ಟುವಾಗ ಅಳು ಒಮ್ಮೆಲೇ ನಿಂತಿತು.

"ನೋಡಿದ್ಯಾ?" ಎಂದರು ಆಂಟಿ.

ದೀಪ್ತಿಗೆ ಆ ಮೌನ ಅಳುವಿಗಿಂತ ಭಯಂಕರವಾಗಿತ್ತು. ಉಸಿರು ಕಟ್ಟಿತೋ? ಏನಾದರೂ ನುಂಗಿದನೋ? ಜನ್ಮದಲ್ಲಿ ಓಡದವಳು ಓಡಿದಳು. ಓಟ ಮುಗಿಯಬೇಕಾದ ಬಿಳಿಯ ರಬ್ಬರ್ ಹಲಗೆ, ಹೋಮ್ ಪ್ಲೇಟು, ಅವಳ ದಾರಿಯ ಬದಿಯಲ್ಲೇ ಇತ್ತು. ಅದನ್ನು ಮೆಟ್ಟದೆ, ಗೇಣಳತೆಯಲ್ಲಿ ತಪ್ಪಿಸಿಕೊಂಡು, ನೇರ ಗಾಡಿಗೆ ಹೋಗಿ ಬಿದ್ದಳು.

ಧನ್ವಿತ್ ಅಪ್ಪನ ಕೂಲಿಂಗ್ ಗ್ಲಾಸಿನ ಕಡ್ಡಿಯನ್ನು ತನ್ಮಯನಾಗಿ ಚೀಪುತ್ತಿದ್ದ. ಅವಳು ಅದನ್ನು ಕಿತ್ತುಕೊಂಡು ಮಗುವನ್ನು ಎದೆಗವಚಿಕೊಂಡಾಗಲೇ ಮೈದಾನ ನಿಶ್ಶಬ್ದವಾಗಿರುವುದು ಅರಿವಿಗೆ ಬಂತು.

"ದಾದ ಆಂಡ್?" ಏನಾಯ್ತೆಂದು ಸುಶಾಂತ್ ತುಳುವಿನಲ್ಲಿ ಪಿಸುಗುಟ್ಟಿದ.

ಹಲಗೆಗೆ ಒಂದೇ ಒಂದು ಹೆಜ್ಜೆ ಈಚೆಗೆ ಲೂರ್ದ್ ಆಂಟಿ ನಿಂತಿದ್ದರು. ಮೈಭಾರವೆಲ್ಲ ನೋವಿನ ಎಡಗಾಲಿನ ಮೇಲಿತ್ತು. ಅಂಪೈರ್ ಅಬ್ದುಲ್ ಸಲಾಂ, ಅವರ ಆಸ್ಪತ್ರೆಯ ಔಷಧದಂಗಡಿಯವನು, ಮೊಣಕಾಲ ಮೇಲೆ ಕೈಯೂರಿ ಹಲಗೆಯನ್ನೇ ದಿಟ್ಟಿಸುತ್ತಿದ್ದ. ಯಾರೂ ಕೇಳದೆ ಅವನು ಬಾಯಿ ತೆರೆಯುವಂತಿರಲಿಲ್ಲ. ಎದುರಾಳಿ ನಾಯಕಿ ಹಲಗೆಯ ಹಿಂದೆಯೇ ಇದ್ದಳು. ಮುಂದಿನವಳು ಇದನ್ನು ಮೆಟ್ಟಿಲ್ಲವೆಂದು ಅವಳು ಒಂದು ಮಾತು ಹೇಳಿದ್ದರೆ ದೀಪ್ತಿ ಔಟಾಗಿ ಎಲ್ಲವೂ ಅಳಿಸಿಹೋಗುತ್ತಿತ್ತು. ಅದರ ಬದಲು ಅವಳು ಬಗ್ಗಿ, ಬಿಗಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ, ಮತ್ತೆ ಕಟ್ಟತೊಡಗಿದಳು.

ಇನ್ನೊಂದು ಸಂಗತಿಯನ್ನು ಸಲಾಂ ದೀಪ್ತಿಗೆ ತಿಳಿಸಿದ್ದು ಆಮೇಲೆ: ಹಿಂದಿನವರು ಒಮ್ಮೆ ಹಲಗೆ ಮೆಟ್ಟಿಬಿಟ್ಟರೆ, ಮುಂದಿನವರು ಹಿಂದಿರುಗಿ ತಪ್ಪು ತಿದ್ದಿಕೊಳ್ಳಲು ಅವಕಾಶವೇ ಇಲ್ಲ. ಅದಕ್ಕೇ ಆಂಟಿ ನಿಂತದ್ದು. ಆದರೆ ಅಷ್ಟು ಹೊತ್ತು ನಿಂತವರು ಮೊದಲು ಕೂಗಿ ಕೇಳಿದ್ದು ಹಲಗೆಯ ಮಾತನ್ನಲ್ಲ.

"ಮಗು ಹೇಗುಂಟು?"

"ಸರಿ ಇದ್ದಾನೆ ಆಂಟಿ."

"ಹಾಗಾದ್ರೆ ಬಾ. ಗಡಿಬಿಡಿ ಇಲ್ಲ. ಅವನನ್ನು ಎತ್ಕೊಂಡೇ ಬಾ, ಮಗು ತರಬಾರ್ದು ಅಂತ ರೂಲ್ ಇಲ್ಲ."

ದೀಪ್ತಿ ಮಗುವನ್ನು ಸೊಂಟದ ಮೇಲೇರಿಸಿಕೊಂಡು ಬಂದು, ಎರಡೂ ಕಾಲಿನಿಂದ ಹಲಗೆಯನ್ನು ಮೆಟ್ಟಿದಳು. ಸಾಲದೆಂಬಂತೆ ಇನ್ನೊಮ್ಮೆ ಮೆಟ್ಟಿದಳು. "ಸಾಕು, ಇಳಿ ಮಾರಾಯ್ತಿ, ನನಗೂ ಜಾಗ ಬೇಕು," ಎಂದು ಆಂಟಿ ಅವಳನ್ನು ಸರಿಸಿ, ಎಡಗಾಲನ್ನು ಮುಂದಿಟ್ಟರು. ಸಲಾಂನ ಕೈ ಮೇಲೆದ್ದು ಸುತ್ತಿ ಹೋಮ್ ರನ್ ಸಾರಿತು. ನಾಯಕಿಯ ಲೇಸು ಅದೇ ಹೊತ್ತಿಗೆ ಕಟ್ಟಿ ಮುಗಿದಿತ್ತು. ಆಟ ಗೆಲ್ಲಲಿದ್ದವಳು ಎದ್ದು ಬಂದು, ಸೋಲಲಿದ್ದ ಆಂಟಿಯನ್ನು ತೆಕ್ಕೆಗೆ ತೆಗೆದುಕೊಂಡು ಮರಳಿನಿಂದ ಮೇಲೆತ್ತಿದಳು.

ತಮ್ಮ ಬದುಕಿನ ಬಹುಭಾಗವನ್ನು ಪರರ ಮಕ್ಕಳ ಹಾಸಿಗೆಯ ಬದಿಯಲ್ಲಿ ಕಳೆದ ಹೆಂಗಸರು ಈ ಊರಿನಲ್ಲಿ ಅನೇಕರಿದ್ದಾರೆ. ನಾವು ಅವರನ್ನು ತ್ಯಾಗಮಯಿಗಳೆಂದು ಕರೆದು ಕೈತೊಳೆದುಕೊಳ್ಳುತ್ತೇವೆ, ಅವರಿಗೆ ಸ್ವಂತದ್ದೇನೂ ಬೇಕಿರಲಿಲ್ಲವೆಂಬಂತೆ. ಬೇಕಿರುತ್ತದೆ, ನಮಗಿಂತ ಹೆಚ್ಚಾಗಿಯೇ ಬೇಕಿರುತ್ತದೆ, ಮತ್ತು ಅದನ್ನು ಅವರು ಬಿಟ್ಟುಕೊಡುವುದೂ ಇಲ್ಲ. ಬಯಸಿದ್ದು ಕಾಲಳತೆಯಲ್ಲಿ ಹೊಳೆಯುತ್ತಿರುವಾಗ, ಮುಂದೆ ಹೋಗಬೇಕಾದವಳು ತನ್ನ ಮಗುವನ್ನು ನೋಡಿ ಬರುವವರೆಗೆ ನೋಯುವ ಕಾಲಿನ ಮೇಲೆ ನಿಂತಿರಬಲ್ಲರು, ಅಷ್ಟೆ. ಆ ನಿಲುವನ್ನು ಅಳೆಯುವ ಲೆಕ್ಕ ಯಾವ ಆಟದಲ್ಲಿಯೂ ಇಲ್ಲ.