ಒಂದು ನೂಲು ಕಪ್ಪು

"ಅದಲ್ಲಮ್ಮಾ, ಅದಲ್ಲ! ಮೊದಲು ಅದನ್ನ ಕೆಳಗಿಡು," ಎಂದು ಕನ್ನಡಕದಂಗಡಿಯವರು ಕೂಗಿಕೊಂಡಾಗ ಅವಳು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಮೇಲಿನ ಹಲಗೆಯಿಂದ ಸಾಸಿವೆ ಬಣ್ಣದ ಜಾಡಿಯೊಂದನ್ನು ಎರಡೂ ಕೈಯಲ್ಲಿ ಇಳಿಸುತ್ತಿದ್ದಳು. ಸ್ಟೂಲು ಅಲ್ಲಾಡದಂತೆ ದೊಡ್ಡಪ್ಪ ಹಿಡಿದುಕೊಂಡಿದ್ದರು.

"ಯಾಕೆ, ಇದಕ್ಕೇನಾಗಿದೆ?" ಎಂದಳು.

"ಏನೂ ಆಗಿಲ್ಲ, ಅದೇ ತೊಂದರೆ. ಕೂದಲೆಳೆಯಷ್ಟು ಬಿರುಕಿಲ್ಲ. ಇಂಥದ್ದು ಇನ್ನೊಂದನ್ನ ನಾನು ಕಣ್ಣಲ್ಲಿ ಕಂಡಿಲ್ಲ. ಇದಕ್ಕೆ ಹೋಗಿ ಬೂದಿ ತುಂಬ್ತೀರಾ?"

"ಬೂದಿ ಅಲ್ಲ ಸ್ವಾಮಿ, ನನ್ನ ತಮ್ಮ," ಎಂದರು ದೊಡ್ಡಪ್ಪ.

ಕನ್ನಡಕದಂಗಡಿಯವರು ನಾಲಿಗೆ ಕಚ್ಚಿಕೊಂಡರು. ಆದರೂ ಅವರೂ ಇಂಥ ಜಾಡಿಗಳನ್ನೇ ಕೂಡಿಸುವವರು, ಅದರ ಮೇಲಿನ ಕಣ್ಣು ಕದಲಲಿಲ್ಲ.

ದೇಹವನ್ನು ಬೆಳಿಗ್ಗೆಯೇ ಊರಾಚೆಯ ವಿದ್ಯುತ್ ಚಿತಾಗಾರಕ್ಕೆ ಒಪ್ಪಿಸಿ ಬಂದಾಗಿತ್ತು. ಸಂಜೆ ನಾಲ್ಕಕ್ಕೆ ಬಂದು ಬೂದಿ ತೆಗೆದುಕೊಂಡು ಹೋಗಿ, ಪಾತ್ರೆ ನೀವೇ ತನ್ನಿ, ತರದಿದ್ದರೆ ನಮ್ಮಲ್ಲಿ ಪ್ಲಾಸ್ಟಿಕ್ ಡಬ್ಬಿ ಇದೆ ಎಂದು ಅಲ್ಲಿಯ ಗುಮಾಸ್ತ ಹೇಳಿದ್ದ. ಬೇರೆ ಮನೆಯಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತೀರಿಕೊಂಡವನಿಗೆ ಊರಿಟ್ಟ ಹೆಸರೇ ಜಾಡಿ. ಲಿಫ್ಟ್ ಮೆಕ್ಯಾನಿಕ್ ಎಂದರೆ ಯಾರಪ್ಪಾ ಎನ್ನುವವರು ಜಾಡಿ ಎಂದೊಡನೆ ಓಹೋ ಅವನಾ ಎನ್ನುತ್ತಿದ್ದರು. ಆತ ಕೂಡಿಸಿಟ್ಟದ್ದು ಒಂದೇ ಕಾರ್ಖಾನೆಯ ಪಿಂಗಾಣಿ. ಆತ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ತಯಾರಾದದ್ದು, ಕಾರ್ಖಾನೆ ಮುಚ್ಚಿ ಯಾವುದೋ ಕಾಲವಾಗಿತ್ತು. ಅದಕ್ಕೆ ಹೂವಿಲ್ಲ, ಬಳ್ಳಿಯಿಲ್ಲ, ಬಂಗಾರದ ಅಂಚಿಲ್ಲ. ದುಂಡು ಹೊಟ್ಟೆ, ಸಣ್ಣ ಕತ್ತು, ಮೈಯೆಲ್ಲ ಹೊಳಪಿಲ್ಲದ ಒಂದೇ ಬಣ್ಣ. ಜನ ಅದನ್ನು ಹಳೇ ಸಾಮಾನು ಎಂದು ಬಿಸಾಡುತ್ತಿದ್ದರು. ಲಿಫ್ಟು ರಿಪೇರಿಗೆ ಹೋದಾತ ಮನೆ ಖಾಲಿ ಮಾಡುವವರ ಬಾಗಿಲಲ್ಲಿ ನಿಂತು ಕೇಳಿ ತರುತ್ತಿದ್ದ. ಹೀಗೆ ಮೂರು ಕೋಣೆಯ ಮನೆಯಲ್ಲಿ ಮನುಷ್ಯರಿಗೆ ಒಂದೂವರೆ ಕೋಣೆ ಉಳಿದಿತ್ತು.

ಕೊನೆಯ ವಾರ ಆಸ್ಪತ್ರೆಯಲ್ಲಿ ಆತ ಹೆಂಡತಿಗೆ, "ನನ್ನನ್ನ ಪ್ಲಾಸ್ಟಿಕ್ ಡಬ್ಬಿಗೆ ಮಾತ್ರ ಹಾಕಬೇಡ," ಎಂದಿದ್ದ. ಮತ್ತೆ ಯಾವುದಕ್ಕೆ ಎಂದು ಕೇಳಿದ್ದಕ್ಕೆ, "ಅವಳಿಗೆ ಗೊತ್ತು," ಎಂದು ಗೋಡೆಯ ಕಡೆ ತಿರುಗಿಕೊಂಡಿದ್ದ.

ಅವಳಿಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಅವಳನ್ನು ಕಾಡುತ್ತಿದ್ದುದು ಸಾವಿಗಿಂತ ಹೆಚ್ಚಾಗಿ ಇದೇ. ಸ್ಟೂಲಿನಿಂದ ಇಳಿದು, ಜಾಡಿಯನ್ನು ಮೇಜಿನ ಮೇಲಿಟ್ಟು, ಅವಳು ಒಳಗೆ ಅಮ್ಮನ ಹತ್ತಿರ ಹೋದಳು. ಅಮ್ಮ ಮಂಚದ ಮೇಲೆ ಕೂತು ಆತನ ಅಂಗಿಗಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು.

"ಅಮ್ಮಾ, ಸರಿಯಾಗಿ ನೆನಪು ಮಾಡ್ಕೋ. ಬಣ್ಣ ಏನಾದ್ರೂ ಹೇಳಿದ್ರಾ?"

"ಹೇಳಲಿಲ್ಲ ಕಣೇ. ನಿನಗೆ ಗೊತ್ತು ಅಂದ್ರು, ಅಷ್ಟೇ."

"ನನಗೆ ಗೊತ್ತಿಲ್ಲ."

ಅಮ್ಮ ಅಂಗಿಯಿಂದ ಕಣ್ಣೆತ್ತಿದಳು. "ಹಾಗಂತ ಹೊರಗೆ ಹೇಳ್ಬೇಡ. ಅವರು ಅಷ್ಟು ಧೈರ್ಯವಾಗಿ ಹೇಳಿ ಹೋಗಿದ್ದಾರೆ."

*

ಅವಳು ಆತನ ಸ್ವಂತ ಮಗಳಲ್ಲ. ಅಮ್ಮನ ಮೊದಲ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ದರ್ಜಿ ಕೆಲಸ ಮಾಡಿಕೊಂಡಿದ್ದ ಅಮ್ಮನನ್ನು ನೋಡಲು ಆತ ಬಂದಾಗ ಇವಳು ಪ್ರೈಮರಿ ಶಾಲೆಯ ಹುಡುಗಿ. ಬಂದವನು ಹೆಣ್ಣಿನ ಮುಖ ನೋಡಲಿಲ್ಲ. ಕೊಟ್ಟ ಟೀಯ ಸಾಸರನ್ನು ತಿರುಗಿಸಿ ಕೆಳಗೆ ಯಾವ ಮುದ್ರೆ ಇದೆ ಎಂದು ನೋಡಲು ಹೋದ, ಟೀ ಪೂರಾ ತೊಡೆಯ ಮೇಲೆ ಬಿತ್ತು. ಬಿಸಿ ಟೀ. ಆತ ತುಟಿಪಿಟಕ್ಕೆನ್ನದೆ ಕೂತೇ ಇದ್ದ. ಅಮ್ಮ ನಕ್ಕುಬಿಟ್ಟಳು, ಮದುವೆ ನಿಶ್ಚಯವಾಯಿತು.

ಹೊಸ ಮನೆಯಲ್ಲಿ ಆತ ಅವಳಿಗೆ ಹಾಕಿದ್ದು ಒಂದೇ ನಿಬಂಧನೆ. "ಏನು ಬೇಕಾದ್ರೂ ಮುಟ್ಟು. ಎರಡೂ ಕೈಯಲ್ಲಿ ಮುಟ್ಟು." ಉಗುರಿನಿಂದ ತಟ್ಟಿ ಕೇಳುವುದನ್ನು ಕಲಿಸಿದ. ಗಟ್ಟಿಯಿದ್ದರೆ ಟಿಣ್ ಎನ್ನುತ್ತದೆ, ಬಿರುಕಿದ್ದರೆ ಬಾಯಿ ಮುಚ್ಚಿಕೊಂಡು ಕೆಮ್ಮಿದ ಹಾಗೆ. ಸ್ವಲ್ಪ ದಿನಕ್ಕೆ ಅವಳು ಕಣ್ಣು ಮುಚ್ಚಿಕೊಂಡು ತಟ್ಟಿ ಹೇಳಬಲ್ಲವಳಾದಳು. ರಜೆಯ ದಿನ ಇಬ್ಬರೂ ಸ್ಕೂಟರಿನಲ್ಲಿ ಹೊರಡುತ್ತಿದ್ದರು, ಹಿಂದೆ ಕೂತ ಅವಳ ಮಡಿಲಲ್ಲಿ ಹಳೇ ಹೊದಿಕೆ ಸುತ್ತಿದ ಯಾವುದಾದರೂ ಹೂದಾನಿ ಇರುತ್ತಿತ್ತು.

ಆದರೆ ಏನೆಂದು ಕರೆಯುವುದು? ಆತನ ಅಣ್ಣನನ್ನು ಮೊದಲ ದಿನವೇ ದೊಡ್ಡಪ್ಪ ಎಂದವಳಿಗೆ, ಅದರಲ್ಲಿ ಅರ್ಧ ಕಳೆದು ಉಳಿದದ್ದನ್ನು ಆತನಿಗೆ ಅನ್ನಲು ಬಾಯಿ ಬರಲಿಲ್ಲ. "ನೋಡಿ" ಎನ್ನುತ್ತಿದ್ದಳು. "ನೋಡಿ, ಅಮ್ಮ ಊಟಕ್ಕೆ ಕರೀತಿದ್ದಾಳೆ." ಆತನೂ ಅದಕ್ಕೆ ಓಗೊಟ್ಟುಕೊಂಡು ಕಾಲ ಹಾಕಿದ.

*

ಮಧ್ಯಾಹ್ನದ ಹೊತ್ತಿಗೆ ನಡುಮನೆಯ ಮೇಜು ಜಾಡಿಗಳಿಂದ ತುಂಬಿಹೋಗಿತ್ತು. ಕೆಳಗಿನ ಮನೆಯಾಕೆ ತನ್ನ ಮನೆಯಿಂದಲೇ ಕಪ್ಪುಗಳಲ್ಲಿ ಟೀ ತಂದಳು. ಈ ಮನೆಯ ಕಪ್ಪುಗಳನ್ನು ಮುಟ್ಟಲು ಆಕೆಗೆ ಭಯ. ಕನ್ನಡಕದಂಗಡಿಯವರು ಟೀ ಕುಡಿದು ಮುಗಿಸಿ, ಕೈ ತಡೆಯದೆ ಕಪ್ಪನ್ನು ಬೋರಲು ಮಾಡಿ ತಳ ಓದಿದರು. ಕೆಳಗಿನ ಮನೆಯಾಕೆ ಮೂಗು ಮುರಿದಳು.

"ಸಾವಿನ ಮನೇಲೂ ಇದೇನಾ?"

"ಅಭ್ಯಾಸಬಲ, ತಾಯಿ. ಅವನಿದ್ದಿದ್ರೆ ಅವನೂ ತಿರುಗಿಸ್ತಿದ್ದ."

"ಕಡು ಹಸಿರಿನದ್ದು ಆಗಬಹುದಾ?" ದೊಡ್ಡಪ್ಪ ಕೇಳಿದರು. ಹಸಿವಿನಿಂದ ಅವರ ದನಿ ಇಳಿದಿತ್ತು. "ಅದಕ್ಕೆ ಮುಚ್ಚಳ ಇಲ್ಲ ಅಂತೀರಾ. ಮುಚ್ಚಳ ಇಲ್ಲಿದೆಯಲ್ಲ, ಈ ಬಿಳೀ ಜಾಡೀದು. ತಗೊಂಡು ಹಾಕಿದ್ರಾಯ್ತು."

"ಅಯ್ಯೋ, ಹಾಗೆ ಒಂದರದ್ದು ಒಂದಕ್ಕೆ ಹಾಕೋ ಹಾಗಿಲ್ಲ. ಅವನು ಎದ್ದು ಬಂದುಬಿಡ್ತಾನೆ," ಎಂದರು ಕನ್ನಡಕದಂಗಡಿಯವರು.

"ಬರಲಿ ಬಿಡಿ," ಎಂದರು ದೊಡ್ಡಪ್ಪ. ಅಷ್ಟು ಹೇಳಿ ಕಣ್ಣೊರೆಸಿಕೊಂಡರು.

ಅವಳು ಬಿಳಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಮುಚ್ಚಳದ ಮಾತು ಬಂದರೆ ಈಗಲೂ ಅವಳ ಮುಖ ಗಂಟಿಕ್ಕುತ್ತಿತ್ತು.

*

ಅವಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಒಂದು ದೊಡ್ಡ ಮನೆ ಖಾಲಿಯಾಗುತ್ತಿತ್ತು. ಮನೆಯ ಮುದುಕಿ ತೀರಿಹೋಗಿದ್ದಳು, ಮಕ್ಕಳು ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಸುರಿದಿದ್ದರು. ಆತನಿಗೆ ಬೂದುನೀಲಿ ಬಣ್ಣದ ಜಾಡಿಯೊಂದು ಸಿಕ್ಕಿತು, ಮುಚ್ಚಳವಿರಲಿಲ್ಲ. ಆತ ಅಷ್ಟಕ್ಕೇ ಖುಷಿಯಾಗಿ ಹೊದಿಕೆ ಸುತ್ತತೊಡಗಿದ. ಅವಳು ಬಿಡಲಿಲ್ಲ. ಒಡಕು ತಟ್ಟೆ, ಹರಕು ಚೀಲ, ತುಕ್ಕು ಹಿಡಿದ ಜರಡಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿ, ಮೊಣಕೈವರೆಗೆ ಧೂಳಾಗಿ, ಪೆಟ್ಟಿಗೆಯೊಂದರ ತಳದಿಂದ ನೀಲಿ ಮುಚ್ಚಳವೊಂದನ್ನು ತೆಗೆದಳು. ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿತ್ತು, ಹೆಬ್ಬೆರಳಿಗೆ ತಾಗುವಷ್ಟು. ಜಾಡಿಯ ಮೇಲಿಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತಿತು.

"ನೋಡಿ!" ಎಂದಳು. ಈ ಸಲದ 'ನೋಡಿ'ಗೆ ನಿಜವಾಗಿಯೂ ನೋಡಿ ಎಂದೇ ಅರ್ಥವಿತ್ತು.

ಆತ ಬಗ್ಗಿ ನೋಡಿದ. ಬಿಸಿಲಿಗೆ ಹಿಡಿದು ನೋಡಿದ. ಆತನಿಗೆ ಲೋಕದಲ್ಲಿ ಇದ್ದದ್ದು ಒಂದೇ ಅಳತೆ, ಇಂಚಿನ ಎಂಟನೇ ಪಾಲಿನ ನೂಲು. ಲಿಫ್ಟಿನ ಬಾಗಿಲಿಗೂ ನೂಲು, ಟೀಯ ಸಕ್ಕರೆಗೂ ನೂಲು.

"ಒಂದು ನೂಲು ಕಪ್ಪು," ಎಂದ. "ಈ ಮುಚ್ಚಳ ಇದರದ್ದಲ್ಲ."

"ಕೂತಿದೆಯಲ್ಲ!"

"ಕೂತ್ಕೊಂಡ ಮಾತ್ರಕ್ಕೆ ಆಗಿಬಿಡುತ್ತಾ? ಬೇರೆ ಮನೇದು ಬೇರೆ ಮನೇದೇ. ಅಲ್ಲೇ ಇಡು."

ಅವಳು ಅಲ್ಲೇ ಇಟ್ಟಳು. ಆತ ಹೇಳಿದ್ದು ಮುಚ್ಚಳದ ಮಾತು, ಅಷ್ಟೇ. ಆದರೆ ಅವಳು ಕೇಳಿಸಿಕೊಂಡದ್ದು ತನ್ನ ಮಾತು. ಮುಂದಿನ ರಜೆಗೆ ಆತ ಸ್ಕೂಟರು ಹೊರಡಿಸಿ ಹಾರ್ನ್ ಹೊಡೆದಾಗ ಓದುವುದಿದೆ ಎಂದಳು. ಅದರ ಮುಂದಿನದಕ್ಕೂ ಓದುವುದಿತ್ತು. ಓದಿ, ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ ಕೆಲಸ ಹಿಡಿದು, ಬೇರೆ ಮನೆ ಮಾಡಿದಳು. ತಿಂಗಳಿಗೊಮ್ಮೆ ಬಂದು ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು ಎದ್ದುಹೋಗುತ್ತಿದ್ದಳು. ಆ ನೀಲಿ ಜಾಡಿ ಕಪಾಟಿನ ಹಲಗೆ ಏರಲೇ ಇಲ್ಲ. ಅದು ಅಡುಗೆಮನೆಯಲ್ಲಿ ಒಲೆಯ ಪಕ್ಕ ಸೌಟು ಚಮಚಗಳನ್ನು ಹೊತ್ತುಕೊಂಡು ನಿಂತಿತ್ತು. ಮುಚ್ಚಳವಿಲ್ಲದ್ದಕ್ಕೆ ಇಷ್ಟೇ ಬೆಲೆ ಎಂದುಕೊಂಡಿದ್ದಳು.

*

"ಒಂದರದ್ದು ಒಂದಕ್ಕೆ ಹಾಕೋ ಹಾಗಿಲ್ಲ ಅಂತ ನಾನೇನೋ ದೊಡ್ಡದಾಗಿ ಹೇಳ್ದೆ," ಎಂದರು ಕನ್ನಡಕದಂಗಡಿಯವರು ದೊಡ್ಡಪ್ಪನಿಗೆ. "ಆದ್ರೆ ಅದರಲ್ಲಿ ನಾವೆಲ್ಲ ಎಷ್ಟು ಚೆನ್ನಾಗಿ ಮೂರ್ಖರಾದ್ವಿ ಗೊತ್ತಾ? ಆ ಕಾರ್ಖಾನೆಯವರು ಮುಚ್ಚಳಗಳನ್ನ ಜಾಡಿಯ ಜೊತೆ ಸುಡ್ತಾನೇ ಇರಲಿಲ್ಲ. ಭಟ್ಟಿಯ ಮೇಲಿನ ಅಂತಸ್ತಿನಲ್ಲಿಟ್ಟು ಬೇರೆ ಸುಡ್ತಿದ್ರು. ಮೇಲೆ ಕಾವು ಜಾಸ್ತಿ, ಬಣ್ಣ ಸ್ವಲ್ಪ ಕಪ್ಪಾಗೋದು. ಎಷ್ಟೋ ವರ್ಷದ ಮೇಲೆ ಅಲ್ಲಿ ಕೆಲಸ ಮಾಡಿದ ಮುದುಕನೊಬ್ಬ ಸಿಕ್ಕಿ ಹೇಳಿದ. ಅಂದ್ರೆ ಬಣ್ಣ ಹೊಂದಲ್ಲ ಅಂತ ನಾವು ಬಿಸಾಡಿದ್ದೆಲ್ಲ ಅಸಲಿ ಮುಚ್ಚಳಗಳು!"

ಅವಳು ತಿರುಗಿ ನೋಡಿದಳು.

"ನನಗೇನೋ ನಗು ಬಂತು. ನಮ್ಮ ಜಾಡಿಗೆ ಮಾತ್ರ ಮುಖದಲ್ಲಿ ರಕ್ತ ಇರಲಿಲ್ಲ. ಅವತ್ತಿನಿಂದ ಹೋದ ಕಡೆಯೆಲ್ಲ ಒಂದೇ ಮುಚ್ಚಳ ಕೇಳೋಕೆ ಶುರು ಮಾಡಿದ. ಬೂದುನೀಲಿ, ಅಂಚಿನಲ್ಲಿ ಚಕ್ಕೆ ಎದ್ದಿರಬೇಕು. ಚಕ್ಕೆ ಎದ್ದಿರೋದನ್ನ ಹುಡುಕೋ ಹುಚ್ಚನ್ನ ನಾನು ಅವನೊಬ್ಬನನ್ನೇ ನೋಡಿದ್ದು. ಅದನ್ನ ಬಿಟ್ಟುಬಂದ ಮನೆಯವರ ಮಕ್ಕಳನ್ನ ಹುಡುಕ್ಕೊಂಡು ಹೋದ, ಗುಜರಿಯವರ ಹತ್ರ ಹೋದ. ನಾನೇ ಒಂದು ಚೆನ್ನಾಗಿರೋದನ್ನ ತಂದು ಕೊಟ್ಟೆ ಕಣ್ರೀ. ಅದೇ ಬಣ್ಣ, ಅದೇ ಅಳತೆ. ವಾಪಸು ಕೊಟ್ಟ."

"ಯಾಕೆ?" ಎಂದಳು ಅವಳು.

"ಇದಲ್ಲ ಅಂದ. ನಮ್ಮ ಹುಡುಗಿ ಹುಡುಕಿದ್ದು ಬೇರೆ ಅಂದ."

ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಊರಿನವರಿಗೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ, ತಿಂಗಳಿಗೊಮ್ಮೆ ಮನೆಗೇ ಬಂದು ಕೂರುತ್ತಿದ್ದವಳಿಗೆ ಒಂದು ಮಾತು ಹೇಳಬಾರದಿತ್ತೇ? ಮುಚ್ಚಳ ಸಿಕ್ಕಿದ ಮೇಲೆ ಹೇಳೋಣ ಎಂದುಕೊಂಡಿರಬೇಕು. ಬರಿಗೈಯಲ್ಲಿ ತಪ್ಪು ಒಪ್ಪಿಕೊಳ್ಳುವ ಜಾತಿಯ ಮನುಷ್ಯನೇ ಅಲ್ಲ. ತಾನು ಮಾತ್ರ ಏನು ಕಡಿಮೆ, ಒಂದು ದಿನವಾದರೂ ಕೇಳಿದ್ದೆನೇ? ಸಿಟ್ಟು ಎಲ್ಲಿ ಮುಗಿದು ಅಳು ಎಲ್ಲಿ ಸುರುವಾಯಿತೆಂದು ಅವಳಿಗೆ ತಿಳಿಯಲಿಲ್ಲ. ಕೆಳಗಿನ ಮನೆಯಾಕೆ ಓಡಿಬಂದು ಬೆನ್ನು ಸವರಿದಳು.

ಅವಳು ಅಡುಗೆಮನೆಗೆ ಹೋದಳು. ಒಲೆಯ ಪಕ್ಕದ ನೀಲಿ ಜಾಡಿಯಿಂದ ಸೌಟು, ಚಮಚ, ಲಟ್ಟಣಿಗೆಗಳನ್ನು ತೆಗೆದಿಟ್ಟಳು. ಒಳಗೆ ತಳದಲ್ಲಿ ಜಿಡ್ಡು ಕಟ್ಟಿತ್ತು. ಬಿಸಿನೀರು ಹಾಕಿ ತಿಕ್ಕಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿದಳು. ಬಾಗಿಲಲ್ಲಿ ನಿಂತಿದ್ದ ಕನ್ನಡಕದಂಗಡಿಯವರು ಅದನ್ನು ನೋಡಿದರು. ಅವರಿಗೂ ಅರ್ಥವಾಯಿತು.

"ಆ ಚೆನ್ನಾಗಿರೋ ಮುಚ್ಚಳ ಅಂಗಡಿಯಲ್ಲೇ ಇದೆ. ಹತ್ತು ನಿಮಿಷ ಸಾಕು, ತಂದುಬಿಡ್ತೀನಿ."

"ಬೇಡ," ಎಂದಳು. "ಅವರೇ ಬೇಡ ಅಂದಿದ್ದಾರೆ."

*

ಚಿತಾಗಾರದ ಗುಮಾಸ್ತ ಜಾಡಿಯನ್ನು ಮೇಲೆ ಕೆಳಗೆ ನೋಡಿದ.

"ಇದಕ್ಕೆ ಮುಚ್ಚಳ?"

"ಇಲ್ಲ."

"ಗಾಳಿಗೆ ಹಾರುತ್ತಮ್ಮಾ. ಪ್ಲಾಸ್ಟಿಕ್ ಹಾಳೆ ಕಟ್ಟಿಕೊಡ್ಲಾ?"

"ಪ್ಲಾಸ್ಟಿಕ್ ಬೇಡ."

"ನಿಮ್ಮಿಷ್ಟ. ತೀರಿಕೊಂಡವರಿಗೆ ನೀವೇನಾಗಬೇಕು?"

ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು.

"ಮಗಳು," ಎಂದಳು ಅವಳು.

ಗುಮಾಸ್ತ ತಲೆಯಾಡಿಸಿ ಒಳಗೆ ಹೋದ. ಅವನಿಗೆ ಅದು ದಿನಾ ಕೇಳುವ ಉತ್ತರ. ಸ್ವಲ್ಪ ಹೊತ್ತಿಗೆ ಜಾಡಿಯನ್ನು ತಂದು ಕೊಟ್ಟಾಗ ಅದರ ಹೊಟ್ಟೆ ಇನ್ನೂ ಬೆಚ್ಚಗಿತ್ತು.

ಕಾರಿನಲ್ಲಿ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ತಬ್ಬಿ, ಬಲಗೈಯ ಅಂಗೈಯನ್ನು ಅದರ ಬಾಯಿಯ ಮೇಲೆ ಒತ್ತಿದಳು. ದೊಡ್ಡಪ್ಪ ಕಿಟಕಿಗಳನ್ನೆಲ್ಲ ಏರಿಸಿ, ಹೊಸದಾಗಿ ಕಲಿತವರ ಹಾಗೆ ನಿಧಾನ ಓಡಿಸಿದರು. ಹಿಂದಿನವರು ಹಾರ್ನ್ ಹೊಡೆದರೂ ತಲೆ ಕೆಡಿಸಿಕೊಳ್ಳಲಿಲ್ಲ.

"ಕೈ ನೋಯುತ್ತಮ್ಮಾ, ನನ್ನ ಕರ್ಚೀಫು ಹಾಕು."

"ಇರಲಿ ದೊಡ್ಡಪ್ಪ."

ಮೂಗಿನ ತುದಿಯಲ್ಲಿ ಬೆವರಿಳಿದು ತುರಿಸಿತು, ಅವಳು ಕೈ ಎತ್ತಲಿಲ್ಲ. ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯಾಕೆ ಮುಂದೆ ಮುಂದೆ ಹೋಗಿ ಬಾಗಿಲು ತೆಗೆದಳು. ನಡುಮನೆಯಲ್ಲಿ ಅಮ್ಮ ಎದ್ದು ನಿಂತು ಜಾಡಿಯನ್ನು ನೋಡಿದಳು. ಯಾವುದೆಂದು ಗುರುತು ಹಿಡಿದು, ಹೋಗಿ ಕಿಟಕಿ ಹಾಕಿ ಫ್ಯಾನ್ ಆರಿಸಿದಳು.

ರೆಕ್ಕೆಗಳು ಪೂರಾ ನಿಲ್ಲುವವರೆಗೆ ಅವಳು ಜಾಡಿ ಹಿಡಿದು ಹಾಗೆಯೇ ನಿಂತಿದ್ದಳು. ಆಮೇಲೆ ಅಂಗೈ ಎತ್ತಿದಳು. ಅದರ ನಡುವೆ ಜಾಡಿಯ ಬಾಯಿ ಗುಂಡಗೆ, ಕೆಂಪಗೆ ಅಚ್ಚೊತ್ತಿತ್ತು.